ಇರುವ ಮನೆ ಮಾರುವ ಮೊದಲೇ ಹೊಸ ಮನೆಗೆ ಕೊಡುವ ಮಾತು

ಮನೆ ಅಲ್ಲಾಹನ ಅನುಗ್ರಹಗಳಲ್ಲೊಂದು. ಅವನು ನಮ್ಮ ಮನೆಗಳನ್ನು ನಮಗೆ ನೆಮ್ಮದಿಯ ತಾಣವನ್ನಾಗಿ ಮಾಡಿರುವುದನ್ನು ಪವಿತ್ರ ಕುರ್‌ಆನ್ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ನೆನಪಿಸುತ್ತದೆ. ವಿಶಾಲವಾದ ಮನೆಯನ್ನು ಪ್ರವಾದಿ ಮುಹಮ್ಮದ್(ಸ)ರು ಮನುಷ್ಯನ ಸೌಭಾಗ್ಯಗಳ ಸಾಲಿನಲ್ಲಿ ಎಣಿಸಿದ್ದಾರೆ. ಆದ್ದರಿಂದ ಮಕ್ಕಳು ಬೆಳೆದು, ಸೊಸೆಯಂದಿರು ಬಂದು, ಎರಡು ಕೋಣೆಗಳ ಮನೆ ಇಕ್ಕಟ್ಟಾದಾಗ ದೊಡ್ಡ ಮನೆಯೊಂದನ್ನು ಬಯಸುವುದರಲ್ಲಿ ಆಕ್ಷೇಪಾರ್ಹವಾದುದೇನೂ ಇಲ್ಲ. ನಾನಿಲ್ಲಿ ಚರ್ಚಿಸಬಯಸುವುದು ಆ ಬಯಕೆಯನ್ನಲ್ಲ, ಅದನ್ನು ಈಡೇರಿಸಿಕೊಳ್ಳುವಾಗ ನಮ್ಮಲ್ಲಿ ಸಾಮಾನ್ಯವಾಗಿಬಿಟ್ಟಿರುವ ಒಂದು ಕ್ರಮವನ್ನು. ಇರುವ ಮನೆಗೆ ಇನ್ನೂ ಗಿರಾಕಿಯೇ ಇಲ್ಲ. ಅಷ್ಟರಲ್ಲೇ ಹೊಸ ಮನೆಗೆ ಬೆಲೆ ಹೇಳಿ, ಟೋಕನ್ ಕೊಟ್ಟು, ಮೂರು ತಿಂಗಳಲ್ಲಿ ನೋಂದಣಿ ಮಾಡಿಸಿಕೊಳ್ಳುತ್ತೇವೆಂದು ಕರಾರಿಗೆ ಸಹಿ ಹಾಕಿಬಿಡುತ್ತೇವೆ.

ಇದು ಏಕೆ ನಡೆಯುತ್ತದೆ ಎಂಬುದು ತಿಳಿಯದ ಸಂಗತಿಯೇನಲ್ಲ. ಮಸೀದಿಗೆ ಹತ್ತಿರ, ಮದ್ರಸಕ್ಕೆ ಹತ್ತಿರ, ಬಂಧುಗಳ ಓಣಿಯಲ್ಲೇ ಇರುವ ಮನೆ ಮತ್ತೆ ಸಿಗಲಾರದೆಂಬ ಭಯ. ಇನ್ನಿಬ್ಬರು ನೋಡಿ ಹೋಗಿದ್ದಾರೆಂಬ ದಲ್ಲಾಳಿಯ ಮಾತು. ಕರಾವಳಿಯ ಕುಟುಂಬಗಳಲ್ಲಿ ಇದಕ್ಕೆ ಗಲ್ಫ್ ರಜೆಯ ಒತ್ತಡವೂ ಸೇರಿಕೊಳ್ಳುತ್ತದೆ. ಮೂವತ್ತು ದಿನಗಳ ರಜೆಯಲ್ಲಿ ಬಂದವನು ಮದುವೆ, ಅಖೀಖ, ಆಸ್ಪತ್ರೆಗಳ ನಡುವೆ ಮನೆಯ ವ್ಯವಹಾರವನ್ನೂ ಮುಗಿಸಿ ಹೊರಡಬೇಕು. ಮನೆ ಕೊಳ್ಳುವ ನಿರ್ಧಾರ ಒಂದು ವಾರದಲ್ಲಿ ಆಗಬಹುದು. ಮಾರುವ ಕೆಲಸ ಹಾಗಲ್ಲ. ಅದು ಇನ್ನೊಬ್ಬನ ನಿರ್ಧಾರವನ್ನೂ, ಅವನ ಬ್ಯಾಂಕನ್ನೂ, ಅವನ ವಕೀಲನನ್ನೂ, ನಮ್ಮದೇ ಕಾಗದಪತ್ರಗಳ ಸ್ಥಿತಿಯನ್ನೂ ಅವಲಂಬಿಸಿದೆ. ಇ-ಖಾತಾದಲ್ಲಿ ಹೆಸರಿನ ಒಂದಕ್ಷರ ತಪ್ಪಿದ್ದರೆ ಅದನ್ನು ಸರಿಪಡಿಸಿಕೊಳ್ಳುವುದರಲ್ಲೇ ವಾರಗಳು ಕಳೆಯುತ್ತವೆ.

ಒಂದು ಲೆಕ್ಕವನ್ನು ನೋಡೋಣ. ಒಬ್ಬರ ಬಳಿ 80 ಲಕ್ಷ ರೂಪಾಯಿ ಬಾಳುವ ಮನೆಯಿದೆ, 40 ಲಕ್ಷದ ಉಳಿತಾಯವಿದೆ ಎನ್ನೋಣ. ಅವರು 1 ಕೋಟಿ 20 ಲಕ್ಷದ ಮನೆಗೆ ಒಪ್ಪುತ್ತಾರೆ. ಬಾಯಿಲೆಕ್ಕದಲ್ಲಿ ಎಲ್ಲವೂ ಸರಿಹೋಗುತ್ತದೆ. ಆದರೆ ಹಳೆಯ ಮನೆಯ ಮೇಲಿನ ಅಂತಸ್ತನ್ನು 12 ಲಕ್ಷಕ್ಕೆ ಭೋಗ್ಯಕ್ಕೆ ಕೊಡಲಾಗಿದೆ. ಆ ಹಣ ಬಾಡಿಗೆದಾರನದು, ಹಿಂತಿರುಗಿಸಲೇಬೇಕು. (ಭೋಗ್ಯದ ಪದ್ಧತಿಯ ಕುರಿತೇ ವಿದ್ವಾಂಸರ ತೀವ್ರ ಆಕ್ಷೇಪವಿದೆ, ಅದನ್ನು ಬೇರೆಯೇ ಚರ್ಚಿಸಬೇಕು.) ದಲ್ಲಾಳಿಗೆ ನೂರಕ್ಕೆ ಎರಡರಂತೆ 1 ಲಕ್ಷ 60 ಸಾವಿರ. ಕೈಗೆ ಬರುವುದು 66 ಲಕ್ಷ 40 ಸಾವಿರ. ಹೊಸ ಮನೆಗೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇ. 5, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಇವೆರಡೇ 8 ಲಕ್ಷ 40 ಸಾವಿರವಾಗುತ್ತವೆ. ಮೇಲಿನ ಸೆಸ್ ಬೇರೆ. ಎಲ್ಲವನ್ನೂ ಕೂಡಿ ಕಳೆದರೆ 22 ಲಕ್ಷಕ್ಕೂ ಮಿಕ್ಕಿ ಕೊರತೆ ಕಾಣುತ್ತದೆ. ಹಳೆಯ ಮನೆ ಹೇಳಿದ ಬೆಲೆಗೇ, ಹೇಳಿದ ಸಮಯಕ್ಕೇ ಮಾರಾಟವಾದರೂ ಉಳಿಯುವ ಕೊರತೆಯಿದು. ಮೂರು ತಿಂಗಳ ಗಡುವು ಸಮೀಪಿಸಿದಾಗ ಗಿರಾಕಿಯು ನಮ್ಮ ಅವಸರವನ್ನು ಅರಿತು ಐದಾರು ಲಕ್ಷ ಇಳಿಸಿ ಕೇಳಿದರೆ, ನಿರಾಕರಿಸುವ ಸಾಮರ್ಥ್ಯ ನಮ್ಮಲ್ಲಿ ಉಳಿದಿರುವುದಿಲ್ಲ.

ಆಗ ಏನಾಗುತ್ತದೆ? ಈ ಪ್ರಶ್ನೆಯ ಉತ್ತರವೇ ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದು. ಜೀವಮಾನವಿಡೀ ಬಡ್ಡಿಯಿಂದ ದೂರವಿದ್ದ, ಸ್ಕೂಟರನ್ನೂ ಕಂತಿಲ್ಲದೆ ಕೊಂಡ ಮನುಷ್ಯನು ಆ ಕೊನೆಯ ಹದಿನೈದು ದಿನಗಳಲ್ಲಿ ಬ್ಯಾಂಕಿನ ಮೆಟ್ಟಿಲೇರುತ್ತಾನೆ. ಹಳೆಯ ಮನೆ ಮಾರಾಟವಾಗುವ ತನಕದ ಅಂತರವನ್ನು ತುಂಬಲೆಂದೇ ಬ್ಯಾಂಕುಗಳು ಬ್ರಿಡ್ಜ್ ಲೋನ್ ಎಂಬ ಅಲ್ಪಾವಧಿ ಸಾಲವನ್ನು ಇಟ್ಟುಕೊಂಡಿವೆ. ಅದರ ಬಡ್ಡಿ ಸಾಮಾನ್ಯ ಗೃಹಸಾಲಕ್ಕಿಂತ ಹೆಚ್ಚೇ ಇರುತ್ತದೆ. ಬ್ಯಾಂಕು ಒಪ್ಪದಿದ್ದರೆ ಪತ್ನಿಯ ಒಡವೆಗಳು ಚಿನ್ನದಂಗಡಿಯ ಅಡವಿಗೆ ಹೋಗುತ್ತವೆ. ಆ ಒಡವೆಗಳಲ್ಲಿ ಅವಳ ಮಹ್ರ್ ಇದೆ, ಅದು ಅವಳ ಸ್ವಂತ ಸೊತ್ತು. ಅವಳು ಮನಃಪೂರ್ವಕ ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನ ಪಡೆಯಬಹುದೆಂದು ಅನ್ನಿಸಾ ಅಧ್ಯಾಯದ 4ನೇ ಸೂಕ್ತ ತಿಳಿಸುತ್ತದೆ. ಮುಂಗಡ ಮುಳುಗುವ ಭೀತಿಯನ್ನು ಮುಂದಿಟ್ಟು ರಾತ್ರಿ ಹನ್ನೊಂದು ಗಂಟೆಗೆ ಕೇಳಿ ಪಡೆದ ಒಪ್ಪಿಗೆಯನ್ನು ಮನಃಪೂರ್ವಕವೆನ್ನಲಾದೀತೇ? ಬಡ್ಡಿಯ ಕುರಿತು ಅಲ್ ಬಕರ ಅಧ್ಯಾಯದ 275ರಿಂದ 279ರ ವರೆಗಿನ ಸೂಕ್ತಗಳಲ್ಲಿರುವ ಕಠಿಣ ಎಚ್ಚರಿಕೆಯನ್ನು ಇಲ್ಲಿ ಮತ್ತೆ ವಿವರಿಸಬೇಕಾಗಿಲ್ಲ. ಓದುಗರಿಗೆ ಅದು ತಿಳಿದಿದೆ, ಸಾಲ ಪಡೆದವನಿಗೂ ತಿಳಿದಿತ್ತು. ತನ್ನ ಕೈಯಲ್ಲಿಲ್ಲದ ಹಣದ ಮೇಲೆ ದಿನಾಂಕ ಹಾಕಿ ಸಹಿ ಮಾಡಿದ ದಿನವೇ ಅವನು ಆ ಮೆಟ್ಟಿಲಿನ ದಾರಿ ಹಿಡಿದಿದ್ದನು.

ಇಂತಹ ಕೊಡುಗೆ ಮೂಲತಃ ನಿಷಿದ್ಧವೆಂದು ಯಾರೂ ಭಾವಿಸಬಾರದು. ತನ್ನಲ್ಲಿಲ್ಲದುದನ್ನು ಮಾರಬೇಡವೆಂದು ಪ್ರವಾದಿ(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ಉಪದೇಶಿಸಿದ್ದು ಮಾರುವವನ ವಿಷಯದಲ್ಲಿ. ಕೊಳ್ಳುವವನು ಬೆಲೆಯನ್ನು ನಿಶ್ಚಿತ ಅವಧಿಯ ನಂತರ ಪಾವತಿಸಲು ಒಪ್ಪಿಕೊಳ್ಳಬಹುದು, ಇದಕ್ಕೆ ಕುರ್‌ಆನಿನ ಅನುಮತಿಯಿದೆ. ಆದರೆ ಮಾತಿಗೆ ತೂಕವಿದೆ. ಕರಾರುಗಳನ್ನು ಪೂರ್ತಿಗೊಳಿಸಬೇಕೆಂಬ ಆಜ್ಞೆಯೊಂದಿಗೇ ಅಲ್ ಮಾಇದ ಅಧ್ಯಾಯ ಆರಂಭವಾಗುತ್ತದೆ. ಮಾಡಿದ ಪ್ರತಿಜ್ಞೆಯ ಕುರಿತು ಪ್ರಶ್ನಿಸಲಾಗುವುದೆಂದು ಬನೀ ಇಸ್ರಾಈಲ್ ಅಧ್ಯಾಯದ 34ನೇ ಸೂಕ್ತ ಎಚ್ಚರಿಸುತ್ತದೆ. ಪ್ರವಾದಿ(ಸ)ರು ನಮಾಝಿನಲ್ಲಿ ಸಾಲದ ಹೊರೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಇಷ್ಟೊಂದು ಬಾರಿ ಏಕೆ ಎಂದು ಕೇಳಿದಾಗ, ಸಾಲಕ್ಕೆ ಸಿಲುಕಿದವನು ಮಾತನಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿದರೆ ಮುರಿಯುತ್ತಾನೆ ಎಂಬ ಅರ್ಥದ ಉತ್ತರ ನೀಡಿದರು (ಬುಖಾರಿ). ಗಡುವು ದಾಟಿದ ಖರೀದಿದಾರನ ಫೋನ್ ಸಂಭಾಷಣೆಯನ್ನು ಆಲಿಸಿದವರಿಗೆ ಈ ಹದೀಸಿನ ವ್ಯಾಖ್ಯಾನ ಬೇಕಾಗಿಲ್ಲ. ಗಿರಾಕಿ ಸಿಕ್ಕಿದ್ದಾನೆ, ಸೋಮವಾರ ಅವನ ಹಣ ಬರುತ್ತದೆ, ಲೋನ್ ಮಂಜೂರಾಗಿದೆ, ಸಹಿಯೊಂದೇ ಬಾಕಿ. ಒಂದೊಂದೂ ಅರ್ಧ ಸತ್ಯ. ಪ್ರತಿಯೊಂದರ ಕೊನೆಯಲ್ಲಿ ಇನ್‌ಶಾ ಅಲ್ಲಾಹ್ ಎಂಬ ಮಾತು. ಅಲ್ ಕಹ್ಫ್ ಅಧ್ಯಾಯವು ನಾಳೆಯ ಕೆಲಸವನ್ನು ಅಲ್ಲಾಹನ ಇಚ್ಛೆಗೆ ಜೋಡಿಸಿ ಹೇಳಲು ಕಲಿಸಿದ್ದು ವಿನಯಕ್ಕಾಗಿ. ಆ ಪವಿತ್ರ ವಾಕ್ಯವನ್ನು ನಾವು ತಪ್ಪಿಸಿಕೊಳ್ಳುವ ಕಿಂಡಿಯಾಗಿ ಬಳಸುವುದರಿಂದ, ನಮ್ಮೊಂದಿಗೆ ವ್ಯವಹರಿಸುವ ಬೇರೆ ಧರ್ಮದ ಬಾಂಧವರು ಅದಕ್ಕೆ "ಬಹುಶಃ ಆಗಲಿಕ್ಕಿಲ್ಲ" ಎಂಬ ಅರ್ಥ ಕಲ್ಪಿಸಿಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದಿದೆ?

ಇನ್ನು ಮುಂಗಡದ ವಿಚಾರ. ಖರೀದಿ ಮುರಿದರೆ ಮುಂಗಡ ಮಾರುವವನಿಗೇ ಸೇರಬೇಕೆಂಬ ಷರತ್ತನ್ನು ಫಿಕ್ಹ್‌ನಲ್ಲಿ ಉರ್ಬೂನ್ ಎನ್ನುತ್ತಾರೆ. ಹನಫಿ, ಮಾಲಿಕಿ, ಶಾಫಿಈ ವಿದ್ವಾಂಸರ ಬಹುಮತ ಇದನ್ನು ಒಪ್ಪುವುದಿಲ್ಲ. ಪ್ರತಿಫಲವಿಲ್ಲದೆ ಇನ್ನೊಬ್ಬನ ಹಣವನ್ನು ತಿನ್ನುವುದಕ್ಕೆ ಅದು ಸಮಾನವೆಂಬುದು ಅವರ ವಾದ. ಕರಾವಳಿಯ ಶಾಫಿಈಗಳೂ ಒಳನಾಡಿನ ಹನಫಿಗಳೂ ತಂತಮ್ಮ ಮದ್‌ಹಬ್‌ನ ಈ ನಿಲುವನ್ನು ತಿಳಿಯದೆಯೇ ಮುಂಗಡ ಮುಟ್ಟುಗೋಲಿನ ಕರಾರುಗಳಿಗೆ ಸಹಿ ಹಾಕುತ್ತಿದ್ದಾರೆ ಎಂಬುದು ವಿಚಿತ್ರ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ) ಮಾತ್ರ ಇದನ್ನು ಅನುಮತಿಸಿದರು. ಅವರ ಆಧಾರವೂ ಒಂದು ಮನೆಯ ವ್ಯಾಪಾರವೇ. ಮಕ್ಕಾದ ರಾಜ್ಯಪಾಲರಾಗಿದ್ದ ನಾಫಿಅ್ ಬಿನ್ ಅಬ್ದುಲ್ ಹಾರಿಸ್(ರ) ಅವರು ಸಫ್‌ವಾನ್ ಬಿನ್ ಉಮಯ್ಯ(ರ)ರ ಮನೆಯನ್ನು ಸೆರೆಮನೆಗಾಗಿ ಕೊಂಡರು. ಹಝ್ರತ್ ಉಮರ್(ರ) ಒಪ್ಪಿದರೆ ವ್ಯಾಪಾರ ಸ್ಥಿರ, ಒಪ್ಪದಿದ್ದರೆ ಸಫ್‌ವಾನ್‌ರಿಗೆ ನಾನೂರು ಸಲ್ಲಬೇಕು ಎಂಬುದು ಷರತ್ತು. ಈ ಘಟನೆಯಲ್ಲಿ ನನ್ನ ಗಮನ ಸೆಳೆಯುವುದು ಹಣದ ಮೊತ್ತವಲ್ಲ. ತೀರ್ಮಾನ ತನ್ನ ಕೈಯಲ್ಲಿಲ್ಲ, ಅದು ಮದೀನಾದಲ್ಲಿರುವ ಇನ್ನೊಬ್ಬರದು ಎಂಬುದನ್ನು ಕೊಳ್ಳುವವರು ಮೊದಲೇ ಹೇಳಿದ್ದರು. ಮಾರುವವರು ಅದನ್ನು ತಿಳಿದೇ ಒಪ್ಪಿದ್ದರು. ನಮ್ಮ ಹಳೆಯ ಮನೆ ಮಾರಾಟವಾಗಬೇಕು ಎಂಬ ಷರತ್ತೂ ಇದೇ ಬಗೆಯದು. ಆದರೆ ನಾವು ಅದನ್ನು ಬಚ್ಚಿಡುತ್ತೇವೆ. ಹಣ ಸಿದ್ಧವಿದೆ ಎಂದರೆ ಬೆಲೆ ಇಳಿಯುತ್ತದೆಂದು ದಲ್ಲಾಳಿ ಕಿವಿಯಲ್ಲಿ ಹೇಳಿರುತ್ತಾನೆ.

1993ರಲ್ಲಿ ಬ್ರುನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಸಭೆಯು, ಕಾಯುವ ಅವಧಿ ನಿಶ್ಚಿತವಾಗಿದ್ದರೆ ಉರ್ಬೂನ್ ಆಗಬಹುದೆಂದು ತೀರ್ಮಾನಿಸಿತು. ಆದುದರಿಂದ ಮುಂಗಡವನ್ನು ಉಳಿಸಿಕೊಂಡ ಪ್ರತಿಯೊಬ್ಬ ಮಾರಾಟಗಾರನೂ ಅನ್ಯಾಯಗಾರನೆಂದು ನಾನು ಹೇಳಲಾರೆ. ಅವನೂ ಮೂರು ತಿಂಗಳು ಬೇರೆ ಗಿರಾಕಿಗಳನ್ನು ಹಿಂದಿರುಗಿಸಿರುತ್ತಾನೆ. ಆದರೆ ಮನೆಯನ್ನು ಮರುವಾರವೇ ಹೆಚ್ಚಿನ ಬೆಲೆಗೆ ಮಾರಿ, ಮೊದಲಿನವನ ಹತ್ತು ಲಕ್ಷವನ್ನೂ ನುಂಗಿಕೊಂಡು "ಕರಾರಿನಲ್ಲಿ ಬರೆದಿದೆ" ಎನ್ನುವವನ ಕುರಿತು ಏನು ಹೇಳೋಣ? ದೇಶದ ಕಾನೂನು ಕೂಡ ಅಷ್ಟು ಉದಾರವಾಗಿಲ್ಲ. 1872ರ ಕರಾರು ಕಾಯ್ದೆಯ 74ನೇ ವಿಧಿ ಕರಾರು ಮುರಿದುದಕ್ಕೆ ಯುಕ್ತ ಪರಿಹಾರವನ್ನಷ್ಟೇ ಕೊಡಿಸುತ್ತದೆ. 1963ರ ಫತೇ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಸಾವಿರ ರೂಪಾಯಿಯ ಆರಂಭಿಕ ಮುಂಗಡವನ್ನು ಉಳಿಸಿಕೊಳ್ಳಲು ಬಿಟ್ಟಿತು. ಆದರೆ ನಂತರ ಪಾವತಿಸಿದ್ದ ಇಪ್ಪತ್ತನಾಲ್ಕು ಸಾವಿರವನ್ನು ಮುಟ್ಟುಗೋಲು ಹಾಕಿಕೊಳ್ಳಲು ಬಿಡಲಿಲ್ಲ. ವಿಶ್ವಾಸಿಯ ಮುಂದೆ ಇದಕ್ಕಿಂತ ಮೇಲಿನ ಮಾದರಿಯೊಂದಿದೆ. ಪಶ್ಚಾತ್ತಾಪಪಟ್ಟ ಸಹೋದರನನ್ನು ವ್ಯಾಪಾರದಿಂದ ಬಿಡುಗಡೆಗೊಳಿಸುವವನ ಲೋಪವನ್ನು ಅಲ್ಲಾಹನು ಕ್ಷಮಿಸುವನೆಂದು ಪ್ರವಾದಿ(ಸ)ರು ಶುಭವಾರ್ತೆ ನೀಡಿದ್ದಾರೆ (ಅಬೂ ದಾವೂದ್). ಇದನ್ನು ಇಖಾಲ ಎನ್ನುತ್ತಾರೆ. ತನಗಾದ ನಿಜವಾದ ನಷ್ಟವನ್ನು ಕಳೆದು ಉಳಿದುದನ್ನು ಹಿಂತಿರುಗಿಸುವುದು ಇದರ ಕನಿಷ್ಠ ರೂಪವೆಂದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಹೆಚ್ಚು ನೋವುಂಟುಮಾಡುವ ಪ್ರಸಂಗವೊಂದಿದೆ. ಮಾರಬೇಕಾದ ಮನೆ ತಂದೆಯಿಂದ ಬಂದದ್ದು. ಖಾತೆಯಲ್ಲಿ ಇನ್ನೂ ತಂದೆಯ ಹೆಸರಿದೆ, ಅಥವಾ ಸಹೋದರರ ಹೆಸರುಗಳಷ್ಟೇ ಸೇರಿವೆ. ಮದುವೆಯಾಗಿ ಹೋದ ಇಬ್ಬರು ಸಹೋದರಿಯರ ಪಾಲು ವಿಂಗಡಣೆಯಾಗಿಲ್ಲ. ಅಣ್ಣನು ಹೊಸ ಮನೆಗೆ ಟೋಕನ್ ಕೊಡುತ್ತಾನೆ. ಹಳೆಯ ಮನೆಗೆ ಗಿರಾಕಿಯೂ ಸಿಗುತ್ತಾನೆ. ಗಿರಾಕಿಯ ವಕೀಲ ವಂಶವೃಕ್ಷವನ್ನು ಕೇಳಿದಾಗ ಸಹೋದರಿಯರ ಸಹಿ ಬೇಕೆಂಬುದು ತಿಳಿಯುತ್ತದೆ. ಆ ರಾತ್ರಿಯೇ ಫೋನ್: "ನೀನು ನಾಳೆ ಉಪನೋಂದಣಿ ಕಚೇರಿಗೆ ಬಾ, ಒಂದು ಸಹಿ ಅಷ್ಟೇ." ಆ ಒಂದು ಸಹಿ ಹಕ್ಕು ಬಿಡುಗಡೆ ಪತ್ರದ ಮೇಲಿನದು. ಪಾಲು ಕೇಳಿದರೆ, ನಿನ್ನಿಂದಾಗಿ ನನ್ನ ಮುಂಗಡ ಮುಳುಗುತ್ತದೆ, ಅಣ್ಣನ ಮಕ್ಕಳು ಬೀದಿಗೆ ಬೀಳಬೇಕೇ ಎಂಬ ಮಾತು ಬರುತ್ತದೆ. ಅವಳು ಸಹಿ ಹಾಕುತ್ತಾಳೆ. ತವರಿನ ಬಾಗಿಲು ಮುಚ್ಚಬಾರದಲ್ಲ!

ಅನ್ನಿಸಾ ಅಧ್ಯಾಯದ 7ನೇ ಸೂಕ್ತ, ಬಿಟ್ಟುಹೋದುದು ಅಲ್ಪವಿರಲಿ ಅಧಿಕವಿರಲಿ ಅದರಲ್ಲಿ ಸ್ತ್ರೀಯರಿಗೆ ನಿಶ್ಚಿತ ಪಾಲಿದೆ ಎನ್ನುತ್ತದೆ. 11ನೇ ಸೂಕ್ತ ಆ ಪಾಲನ್ನು ಅಳೆದುಕೊಟ್ಟಿದೆ. ತಾಯಿಯೂ ತೀರಿಹೋಗಿದ್ದು, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಮಾತ್ರ ವಾರಸುದಾರರಾಗಿದ್ದರೆ, 90 ಲಕ್ಷದ ಮನೆಯಲ್ಲಿ ಪ್ರತಿಯೊಬ್ಬ ಸಹೋದರನಿಗೆ 30 ಲಕ್ಷ, ಪ್ರತಿಯೊಬ್ಬ ಸಹೋದರಿಗೆ 15 ಲಕ್ಷ. ಅಂದರೆ ಟೋಕನ್ ಕೊಟ್ಟ ಅಣ್ಣನು 90 ಲಕ್ಷದ ಒಡೆಯನಲ್ಲ, ಅದರ ಮೂರರಲ್ಲಿ ಒಂದು ಭಾಗದ ಒಡೆಯ. ಮೇಲೆ ಹಕೀಮ್(ರ)ರಿಗೆ ನೀಡಿದ ಉಪದೇಶವನ್ನು ಉಲ್ಲೇಖಿಸಿದೆನಲ್ಲವೇ, ಅದು ನೇರವಾಗಿ ತಾಗುವುದು ಇಲ್ಲಿ. ಮನೆ ಬದಲಾಯಿಸುವ ಯೋಚನೆ ಹುಟ್ಟಿದ ದಿನವೇ, ದಲ್ಲಾಳಿಗಿಂತ ಮೊದಲು, ಸಹೋದರಿಯರಿಗೆ ಫೋನ್ ಹೋಗಬೇಕು. ಅವರ ಪಾಲನ್ನು ರೂಪಾಯಿಗಳಲ್ಲಿ ಹೇಳಬೇಕು. ಅದನ್ನು ಯಾವಾಗ, ಹೇಗೆ ಕೊಡುತ್ತೇವೆಂದು ಬರೆದುಕೊಡಬೇಕು. ಅನಂತರ ಅವರಾಗಿಯೇ ಏನಾದರೂ ಬಿಟ್ಟುಕೊಟ್ಟರೆ ಅದು ಅವರ ಔದಾರ್ಯ.

ಹಾಗಾದರೆ ಮಾಡಬೇಕಾದುದೇನು? ಸಾಧ್ಯವಿರುವವರು ಮೊದಲು ಮಾರಲಿ, ಆರೆಂಟು ತಿಂಗಳು ಬಾಡಿಗೆ ಮನೆಯಲ್ಲಿರಲಿ ಎಂಬುದು ನನ್ನ ಸ್ಪಷ್ಟ ನಿಲುವು. ಎರಡು ಬಾರಿ ಸಾಮಾನು ಸಾಗಿಸುವ ಕಷ್ಟವಿದೆ, ನಿಜ. ಬಾಡಿಗೆ ಹಣ ವ್ಯರ್ಥವೆಂಬ ಮಾತೂ ಇದೆ. ತಿಂಗಳಿಗೆ 20 ಸಾವಿರದಂತೆ ಎಂಟು ತಿಂಗಳಿಗೆ 1 ಲಕ್ಷ 60 ಸಾವಿರ ಖರ್ಚಾಗಬಹುದು. ಗಡುವಿನ ಭಯದಿಂದ ಹಳೆಯ ಮನೆಯನ್ನು ಐದು ಲಕ್ಷ ಕಡಿಮೆಗೆ ಮಾರುವುದಕ್ಕಿಂತ ಅದು ಅಗ್ಗ. ಕೆಲವು ಬಂಧುಗಳು "ಮನೆ ಮಾರಿ ಬಾಡಿಗೆಗೆ ಹೋದರಂತೆ" ಎಂದು ಆಡಿಕೊಳ್ಳುವರು. ಹೆಚ್ಚಿನ ಅವಸರಗಳ ಹಿಂದಿರುವುದು ಈ ಮಾತಿನ ಭಯವೇ ಎಂದು ನನ್ನ ಶಂಕೆ. ತೆರಿಗೆಯ ಕಾರಣ ಹೇಳುವವರೂ ಇದ್ದಾರೆ. ಆದರೆ ಹಳೆಯ ಮನೆಯ ದೀರ್ಘಾವಧಿ ಲಾಭಕ್ಕೆ ವಿನಾಯಿತಿ ಪಡೆಯಲು 1961ರ ಆದಾಯ ತೆರಿಗೆ ಕಾಯ್ದೆಯ 54ನೇ ವಿಧಿ ಸಾಕಷ್ಟು ಕಾಲಾವಕಾಶ ಇಟ್ಟಿತ್ತು: ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷಗಳ ಒಳಗೆ ಮನೆ ಕೊಳ್ಳಬಹುದು, ಕಟ್ಟಿಸುವುದಾದರೆ ಮೂರು ವರ್ಷ. ರಿಟರ್ನ್ ಸಲ್ಲಿಸುವ ದಿನದೊಳಗೆ ಬಳಸದ ಹಣವನ್ನು ಬ್ಯಾಂಕಿನ ಪ್ರತ್ಯೇಕ ಬಂಡವಾಳ ಲಾಭದ ಖಾತೆಯಲ್ಲಿಡಬೇಕು. ಅದಕ್ಕೆ ಸೇರುವ ಬಡ್ಡಿ ನಮ್ಮದಲ್ಲವೆಂಬ ಎಚ್ಚರವಿರಲಿ. ಈಚಿನ ನಿಯಮಗಳನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳಿತು.

ಮನೆ ಮಾರಿದ ಹಣ ಕೈಯಲ್ಲಿದ್ದರೆ ಕರಗಿಹೋಗುತ್ತದೆ ಎಂಬ ಆತಂಕವನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಮನೆ ಮಾರಿ ಅದರ ಬೆಲೆಯನ್ನು ಅಂತಹದ್ದೇ ಆಸ್ತಿಗೆ ಹಾಕದವನಿಗೆ ಅದರಲ್ಲಿ ಬರ್ಕತ್ ಇರದೆಂಬ ಅರ್ಥದ ಹದೀಸ್ ಇಬ್ನು ಮಾಜದಲ್ಲಿದೆ. ಮಗಳ ಮದುವೆ, ತಮ್ಮನ ವ್ಯಾಪಾರ, ಹೊಸ ಕಾರು ಎಂದು ಆ ಹಣ ಹಂಚಿಹೋದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಹಳೆಯ ಮನೆ ಮಾರುವಾಗ ನೆರೆಯವನನ್ನು ಮೊದಲು ಕೇಳುವುದೂ ಸುನ್ನತ್‌ನ ಮಾರ್ಗ. ಅಬೂ ರಾಫಿಅ್(ರ) ತಮ್ಮ ಎರಡು ಕೋಣೆಗಳಿಗೆ ಬೇರೆಯವರು ಐನೂರು ದೀನಾರ್ ಕೊಡಲು ಸಿದ್ಧರಿದ್ದರೂ, ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಅದಕ್ಕಿಂತ ಕಡಿಮೆಗೆ, ಅದೂ ಕಂತುಗಳಲ್ಲಿ ಕೊಟ್ಟರು. ನೆರೆಯವನ ಹಕ್ಕಿನ ಕುರಿತ ಪ್ರವಾದಿ ವಚನವನ್ನು ಕೇಳಿರದಿದ್ದರೆ ಹೀಗೆ ಮಾಡುತ್ತಿರಲಿಲ್ಲವೆಂದು ಅವರೇ ಹೇಳಿದ್ದಾರೆ (ಬುಖಾರಿ). ಗಡುವಿನ ಕತ್ತಿ ನೆತ್ತಿಯ ಮೇಲಿದ್ದವನಿಗೆ ಇಂತಹ ಔದಾರ್ಯ ಹೊಳೆಯುವುದಾದರೂ ಹೇಗೆ?

ಆದರೂ ಕೆಲವರಿಗೆ ಮೊದಲು ಮಾರುವುದು ಸಾಧ್ಯವಾಗದು. ಹಾಸಿಗೆ ಹಿಡಿದ ತಾಯಿಯನ್ನು ಎರಡು ಬಾರಿ ಸ್ಥಳಾಂತರಿಸಲಾಗದು, ಮುಸ್ಲಿಮರಿಗೆ ಬಾಡಿಗೆ ಮನೆ ಸುಲಭವಾಗಿ ಸಿಗದ ನಗರಗಳಿವೆ. ಅಂತಹವರು ಮಾರುವವನಿಗೆ ಸತ್ಯವನ್ನು ಹೇಳಿ ಆರಂಭಿಸಲಿ: ನಮ್ಮ ಮನೆ ಮಾರಾಟವಾಗಬೇಕಿದೆ, ಇಂತಿಷ್ಟು ತಿಂಗಳು ಬೇಕು. ಕೊಳ್ಳುವವರೂ ಮಾರುವವರೂ ಸತ್ಯ ನುಡಿದು ಇರುವುದನ್ನು ತೆರೆದಿಟ್ಟರೆ ಅವರ ವ್ಯಾಪಾರದಲ್ಲಿ ಬರ್ಕತ್ ಇದೆಯೆಂದು ಹದೀಸ್ ತಿಳಿಸುತ್ತದೆ. ಹಿಂದೆ ಸರಿಯುವ ಆಯ್ಕೆಯನ್ನು ಷರತ್ತಾಗಿ ಇಟ್ಟುಕೊಳ್ಳಲು ಫಿಕ್ಹ್‌ನಲ್ಲಿ ಅವಕಾಶವಿದೆ. ಇಮಾಮ್ ಅಬೂ ಹನೀಫ ಮತ್ತು ಇಮಾಮ್ ಶಾಫಿಈ ಅದನ್ನು ಮೂರು ದಿನಕ್ಕೆ ಸೀಮಿತಗೊಳಿಸಿದರು. ಅಬೂ ಹನೀಫರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅವರು ನಿಶ್ಚಿತವಾದ ಯಾವುದೇ ಅವಧಿಯನ್ನು ಒಪ್ಪಿದರು, ಹಂಬಲಿಗಳೂ ಅಷ್ಟೇ. ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಿಯೇ ಕರಾರಿನ ಭಾಷೆಯನ್ನು ರೂಪಿಸಿಕೊಳ್ಳುವುದು ಯುಕ್ತ.

ಕರಾರಿನಲ್ಲಿ ಅವಧಿಯನ್ನು ದಿನಾಂಕದೊಂದಿಗೆ ಬರೆಸಿ. ಹಳೆಯ ಮನೆ ಮಾರಾಟವಾಗದಿದ್ದರೆ ಮುಂಗಡದಲ್ಲಿ ಎಷ್ಟು ಹಿಂದಿರುಗುತ್ತದೆ, ಎಷ್ಟು ದಿನಗಳಲ್ಲಿ ಎಂಬುದೂ ಇರಲಿ. ಮುಂಗಡ ಚಿಕ್ಕದಾಗಿರಲಿ. ಪೂರ್ತಿ ಹೋದರೂ ಯಾರ ಮುಂದೆಯೂ ಕೈಚಾಚಬೇಕಾಗದಷ್ಟೇ ಕೊಡಿ. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಿನಲ್ಲಿ ಪಡೆಯುವುದನ್ನು ತೆರಿಗೆ ಕಾನೂನು ನಿಷೇಧಿಸುತ್ತದೆ, ಬ್ಯಾಂಕಿನ ಮೂಲಕವೇ ಕೊಡಿ. 2018ರ ತಿದ್ದುಪಡಿಯ ನಂತರ ಕರಾರನ್ನು ಕಡ್ಡಾಯವಾಗಿ ಈಡೇರಿಸುವಂತೆ ನ್ಯಾಯಾಲಯದ ಮೂಲಕ ಒತ್ತಾಯಿಸುವುದು ಹಿಂದಿಗಿಂತ ಸುಲಭವಾಗಿದೆ, ಆದ್ದರಿಂದ "ಬರೀ ಅಗ್ರಿಮೆಂಟ್ ತಾನೇ" ಎಂಬ ಉಡಾಫೆ ಬೇಡ. ಅಂತರ ತುಂಬಲು ಬಂಧುಗಳಿಂದ ಬಡ್ಡಿರಹಿತ ಸಾಲ ಪಡೆಯುವುದಾದರೆ ಟೋಕನ್ ಕೊಡುವ ಮೊದಲೇ ಮಾತನಾಡಿ, ಅಲ್ ಬಕರ 282ರ ಆದೇಶದಂತೆ ಬರೆದು, ಸಾಕ್ಷಿಗಳ ಸಹಿ ಪಡೆಯಿರಿ. ಬರೆದ ಕರಾರನ್ನು ಸಹಿಗೆ ಮೊದಲು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಪತ್ನಿ, ವಯಸ್ಸಿಗೆ ಬಂದ ಮಕ್ಕಳು, ಪಾಲುದಾರರಾದ ಸಹೋದರಿಯರು ಕೇಳಿಸಿಕೊಳ್ಳಲಿ. ಅವರಲ್ಲೊಬ್ಬರು "ಮೂರು ತಿಂಗಳಲ್ಲಿ ಈ ಮನೆ ಹೋಗದಿದ್ದರೆ?" ಎಂದು ಕೇಳಿದರೆ, ಉತ್ತರ ಸಿಗುವ ತನಕ ಪೆನ್ನು ಜೇಬಿನಲ್ಲೇ ಇರಲಿ.